ಎಂಜಿನ್ ಅವನದು, ಬಣ್ಣ ನನ್ನದು

ಫೆಬ್ರವರಿ ೬

ಬೆಳಿಗ್ಗೆಯಿಂದ ಡಾಕ್ಟರಮ್ಮನ ಕಾರಿನ ಹಿಂಬಾಗಿಲು. ಉಜ್ಜಿದೆ, ಮೆತ್ತಿದೆ, ಮತ್ತೆ ಉಜ್ಜಿದೆ. ಬೆರಳಿನ ತುದಿಯಲ್ಲಿ ಚರ್ಮವೇ ಇಲ್ಲ. ಯಾವನೋ ಪುಣ್ಯಾತ್ಮ ಹಿಂದೆ ಬೆರಳುದಪ್ಪ ಪುಟ್ಟಿ ಬಳಿದು ತುಕ್ಕನ್ನು ಒಳಗೇ ಸಾಕಿದ್ದಾನೆ. ಕೆರೆದಷ್ಟೂ ತೂತು.

ಅಣ್ಣ ಹಾದುಹೋಗುತ್ತ, "ಪುಟ್ಟಿ ಪುಟ್ಟಿ ಮೆತ್ತುತಾ ಇದಾಳೆ" ಎಂದ. ಮನೆಯಲ್ಲಿ ನನ್ನನ್ನು ಕರೆಯುವ ಹೆಸರೂ ಡೆಂಟಿಗೆ ಮೆತ್ತುವ ಸಾಮಾನೂ ಒಂದೇ ಆದದ್ದು ನನ್ನ ಕರ್ಮ. ಇಬ್ಬರ ತಲೆಯೂ ನರೆತಿದೆ. ಅವನಿಗೆ ಈ ಜೋಕು ಮಾತ್ರ ಇನ್ನೂ ಹೊಸದು.

ಸಂಜೆ ಲೇತಣ್ಣ ಆ ಕಾರಿನ ಎಂಜಿನ್ನಿನ ಕ್ರ್ಯಾಂಕ್ ದಂಡ ಕಡೆದು ತಂದುಕೊಟ್ಟ. ಹಳೆಯ ಸೀರೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲವಂತೆ. ಹಿಂದಿನ ಬೀದಿಯಲ್ಲಿ ಕಬ್ಬಿಣ ಕಡೆಯುವ ಅವನ ಲೇತು. ಶಾಲೆಯ ದಿನಗಳಿಂದ ಅಣ್ಣನ ಗೆಳೆಯ. ಸ್ವಲ್ಪ ಜಗಳವಾಡದೆ ಇಬ್ಬರಿಗೂ ಟೀ ಒಳಗಿಳಿಯುವುದಿಲ್ಲ.

ಫೆಬ್ರವರಿ ೯

ಇವತ್ತು ನಾನೇ ತಪ್ಪಿದೆ. ಅಣ್ಣ ಎಂಜಿನ್ನಿಗೆ ಹಾಕುತ್ತಿದ್ದ ಹೋಸ್ ಪೈಪು ಮುಟ್ಟಿ, ಯಾಕೋ ಗಿಡ್ಡವಾಯಿತಲ್ಲ ಎಂದುಬಿಟ್ಟೆ. ತಲೆಯೆತ್ತಿ ನೋಡಿದ. "ಎಂಜಿನ್ ಯಾರ್ದು?" "ನಿಂದು." "ಮತ್ತೆ?" ಅಷ್ಟೇ. ನಾನು ಬಾಲ ಮುದುರಿಕೊಂಡು ಬಾಗಿಲಿಗೆ ವಾಪಸು.

ಅಪ್ಪ ಹೋಗಿ ಗಾಡಿ ರಿಪೇರಿಯ ಈ ಶೆಡ್ಡು ನಮ್ಮಿಬ್ಬರ ಪಾಲಿಗೆ ಬಂದಾಗ ಮೊದಲ ವರ್ಷವಿಡೀ ನಾಯಿ-ಬೆಕ್ಕಿನ ಹಾಗೆ ಕಿತ್ತಾಡಿದ್ದೆವು. ಕೊನೆಗೆ ಅತ್ತಿಗೆಯೇ ಇಬ್ಬರನ್ನೂ ಕೂರಿಸಿ ಪಂಚಾಯ್ತಿ ಮಾಡಿದರು. ಎಂಜಿನ್ ಅವನದು, ಬಣ್ಣ-ವೈರು-ಸೀಟು ನನ್ನದು. ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ತುಟಿ ಬಿಚ್ಚಕೂಡದು. ಅವನೂ ಬಿಚ್ಚಿಲ್ಲ. ನಾನೊಮ್ಮೆ ಒಂದು ವ್ಯಾನಿಗೆ ಹಸಿರು ಬಳಿದು ಅದು ಪಾಚಿಯ ಹಾಗೆ ಕಂಡಾಗಲೂ ತೆಪ್ಪಗಿದ್ದ.

ಅವನ ಎಂಜಿನ್ನಿನ ಬಗ್ಗೆ ಹೇಳಲು ಯಾರಿಗೆ ತಾನೇ ಏನಿದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ರೋಗವೆಲ್ಲ ಬಾಯಿಗೆ ಬರುತ್ತದೆ. ದೂರದೂರಿನವರು ಬರೀ ಆ ಕಿವಿಗಾಗಿ ಗಾಡಿ ಹೇರಿಕೊಂಡು ಬರುತ್ತಾರೆ. ಅವನಿಗೂ ಅದೊಂದೇ ಹೆಮ್ಮೆ. ನನಗೂ ಇದೆ ಎಂದು ಅವನೆದುರು ಹೇಳುವುದಿಲ್ಲ.

ಫೆಬ್ರವರಿ ೧೭

ಅಣ್ಣನನ್ನು ಊಟಕ್ಕೆ ಕೂಗಿ ಕೂಗಿ ಸಾಕಾಯಿತು. ದೊರೆ ಅಲ್ಲಾಡಲಿಲ್ಲ. ಫೋನು ಮೇಜಿನ ಮೇಲೆ ಬಡಿದುಕೊಂಡಿತು. ಅದೂ ನಾನೇ ಎತ್ತಬೇಕು. ಈಚೆಗೆ ಇವನ ಗತ್ತು ಜಾಸ್ತಿಯಾಗಿದೆ. ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅತ್ತಿಗೆಯ ಮಾತಾದರೆ ತಕ್ಷಣ ತಿರುಗುತ್ತಾನೆ. ಅವರೂ ಶೆಡ್ಡಿನೊಳಗೆ ಬರುವಾಗ ನೆಲಕ್ಕೆ ಹಾಸಿದ ಹಲಗೆಯ ಮೇಲೆ ದಬದಬ ಕಾಲು ಬಡಿದುಕೊಂಡೇ ಬರುತ್ತಾರೆ, ಮಹಾರಾಣಿ.

ಬಾಗಿಲು ಮುಗಿಯಿತು. ಕೈಯಾಡಿಸಿದರೆ ಗಾಜು.

ಮಾರ್ಚ್ ೩, ಸಂಜೆ

ಸ್ಟಾರ್ಟ್ ಆಯಿತು! ಡಾಕ್ಟರಮ್ಮ ಹೆರಿಗೆಗೆಂದು ಮನೆಮನೆಗೆ ಓಡಿಸಿದ ಕಾರು. ಎಷ್ಟೋ ವರ್ಷದಿಂದ ಕೋಳಿಗೂಡಾಗಿತ್ತು.

ಅಣ್ಣ ಅತ್ತಿಗೆಯನ್ನು ಒಳಗೆ ಕೂರಿಸಿ ಕೀ ತಿರುಗಿಸಲು ಹೇಳಿದ. ನನಗೆ, "ನೀನು ಬಾನೆಟ್ಟಿನ ಆ ಕಡೆ ನಿಂತ್ಕೊ, ನನ್ನ ಎದುರಿಗೆ. ಎಲ್ಲೂ ಹೋಗ್ಬೇಡ" ಎಂದ. ಈಚೆಗೆ ಪ್ರತಿ ಗಾಡಿಗೂ ಇದೇ ಶಾಸ್ತ್ರ. ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಸ್ಕ್ರೂಡ್ರೈವರ್ ಕಿವಿಗೆ ಹೋಯಿತು.

ನನಗೆ ಒಂದು ಸದ್ದು ಕೇಳಿಸಿತು. ಎಲ್ಲದರ ಹಿಂದೆ, ಕೆಳಗೆ, ಸಣ್ಣಗೆ — ಟಕ್ ಟಕ್ ಟಕ್. ಒಳಗೆ ಮಲಗಿದವರಿದ್ದಾರೆಂದು ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ. ಇಷ್ಟು ವರ್ಷ ಶೆಡ್ಡಿನಲ್ಲಿ ಬಿದ್ದಿದ್ದೇನೆ, ಒಳ್ಳೆಯ ಸದ್ದು ಯಾವುದು ಎಂದು ನನಗೂ ಅಷ್ಟಿಷ್ಟು ಗೊತ್ತು. ಆದರೆ ಅವನು ನಿಲ್ಲಿಸಲಿಲ್ಲ. ಅವನ ಕಿವಿಗೆ ತಪ್ಪೆನಿಸದ್ದು ನನಗೇನು ತಪ್ಪೆನಿಸೀತು. ಹೊಸ ಬೇರಿಂಗ್, ಕೂತುಕೊಳ್ಳುವವರೆಗೆ ಸದ್ದು ಮಾಡುತ್ತಿರಬೇಕು. ಹೋಸಿನ ದಿನ ಆದ ಮಂಗಳಾರತಿ ಬೇರೆ ನೆನಪಿತ್ತು.

ಮೊದಲೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದವನು ಈಗ ಬಿಟ್ಟ ಕಣ್ಣು ಬಿಟ್ಟ ಹಾಗೆ ನನ್ನನ್ನೇ ನೋಡುತ್ತಿದ್ದ. ಹೊಗಳಲಿ ಎಂದು ಕಾಯುತ್ತಿದ್ದಾನೆ, ಪಾಪ. ಮುಖ ತುಂಬ ನಕ್ಕೆ. ಅವನೂ ನಕ್ಕ.

ಮಾರ್ಚ್ ೫

ಹೋಯಿತು. ಎಲ್ಲ ಹೋಯಿತು.

ಅಣ್ಣ ಟ್ರಯಲ್‌ಗೆ ಒಬ್ಬನೇ ಒಯ್ದಿದ್ದ. ಏರಿನಲ್ಲಿ ಒಳಗಿನ ರಾಡು ಕಿತ್ತುಕೊಂಡು, ಎಂಜಿನ್ನಿನ ಒಡಲಾದ ಬ್ಲಾಕನ್ನೇ ಸೀಳಿ ಹೊರಗೆ ಬಂದಿದೆ. ಮುಷ್ಟಿ ತೂರುವಷ್ಟು ಕಿಂಡಿ. ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ರಸ್ತೆಯುದ್ದಕ್ಕೂ ಎಣ್ಣೆ.

ಇದರ ಬ್ಲಾಕು ಇನ್ನೆಲ್ಲೂ ಸಿಗುವುದಿಲ್ಲ. ಅಣ್ಣ ಊಟ ಮಾಡಲಿಲ್ಲ. ನಾನೂ.

ಮಾರ್ಚ್ ೬

ಅಣ್ಣ ಎಂಜಿನ್ ಬಿಚ್ಚಿದ. ಮೂರನೆಯ ರಾಡಿನ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿಕೊಂಡಿದೆ. ಸುದ್ದಿ ಕೇಳಿ ಲೇತಣ್ಣ ಓಡಿ ಬಂದ. ಎಳೆದುಕೊಂಡು ಬಂದವರೂ, ಇನ್ನಿಬ್ಬರು ಗಿರಾಕಿಗಳೂ ನಿಂತಿದ್ದರು.

"ಏನು ಅಳತೆ ಕೊಟ್ಟೆಯೋ ನೀನು?" ಅಣ್ಣನ ದನಿ ಬೀದಿಗೆ ಕೇಳುತ್ತಿತ್ತು. "ಕಣ್ಣು ಕಾಣಲ್ಲ ಅಂದ್ರೆ ಲೇತು ಮುಚ್ಚು. ಇನ್ನೊಬ್ಬರ ಗಾಡಿ ಯಾಕೆ ಹಾಳ್ಮಾಡ್ತೀಯಾ?"

ಲೇತಣ್ಣ ಬೇರಿಂಗನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಎಣ್ಣೆ ಸಿಗದೆ ಹೋಗಿದೆ ಕಣೋ ಇದು. ಎಣ್ಣೆ ಹರಿಯೋ ದಾರೀಲಿ ಎಲ್ಲೋ ಕಸ ಸಿಕ್ಕಿದೆ. ಅಳತೆ ಅಲ್ಲ." ಆಮೇಲೆ ನಿಧಾನಕ್ಕೆ, "ಹೋಗೋ ಮುಂಚೆ ಬಡಿದಿರತ್ತಲ್ಲೋ. ಬಡೀದೇ ಯಾವ ರಾಡೂ ಹೋಗಲ್ಲ. ನಿನಗೆ ಕೇಳಿಸ್ಲಿಲ್ವಾ?"

"ನನ್ನ ಕಿವಿಗೆ ಅಂತೀಯಾ? ನನ್ನ ಕಿವಿಗೆ?" ಅಣ್ಣ ಪಾನಾ ಎಸೆದ. ಯಾರಿಗೂ ತಾಗಲಿಲ್ಲ.

ನಾನು ಉಜ್ಜುವ ಎಮರಿ ಕಾಗದ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಬಡಿದಿತ್ತು. ನನಗೆ ಕೇಳಿಸಿತ್ತು. ಆಗಲೇ ನಿಲ್ಲಿಸಿದ್ದರೆ ಒಂದು ಬೇರಿಂಗ್ ಹೋಗುತ್ತಿತ್ತು, ಅಷ್ಟೇ. ಕಾಗದ ಮಡಚಿಕೊಂಡು ಒಳಗೆ ಹೋದೆ.

ಮಾರ್ಚ್ ೮

ಲೇತಣ್ಣ ನಮ್ಮ ಸಾಮಾನೆಲ್ಲ ಕಳಿಸಿದ್ದಾನೆ. ಯಾವ ಕಾಲದಲ್ಲೋ ಒಯ್ದಿದ್ದ ಜಾಕು, ಎರಡು ಅರ, ಅಪ್ಪನ ಕಾಲದ ಸುತ್ತಿಗೆ. ಒರೆಸಿ ಎಣ್ಣೆ ಸವರಿ ಕಳಿಸಿದ್ದಾನೆ. ಅದೇ ನೋಡಲಾಗಲಿಲ್ಲ.

ಡಾಕ್ಟರಮ್ಮ ಬಂದಿದ್ದರು. ಕಾರಿನ ಒಳಗೆ ಹೋಗಿ ಸ್ಟಿಯರಿಂಗ್ ಹಿಡಿದು ಕೂತರು. ಬಯ್ಯುತ್ತಾರೆಂದು ಕಾದೆ. ಇಳಿದು ಬಂದು, "ನಿಮ್ಮಣ್ಣ ಸರಿಯಾಗಿ ಊಟ ಮಾಡ್ತಿದಾರೇನಮ್ಮಾ?" ಎಂದರು. ಬಣ್ಣ ಚೆನ್ನಾಗಿದೆ ಎಂದೂ ಹೇಳಿದರು. ಆ ಮಾತು ಯಾಕಾದರೂ ಹೇಳಿದರೋ.

ಮಾರ್ಚ್ ೧೫

 ಈಗಲೇ ಬರೆದಿಡಬೇಕು.

ಗಾಳಿ ತುಂಬುವ ಕಂಪ್ರೆಸರಿನ ಪೈಪು ಕಿತ್ತುಕೊಂಡಿತು. ಸುಂಯ್ಯೆಂದು ಕಿವಿ ಸೀಳುವ ಸದ್ದು. ನಾನು ಹೊರಗಿನಿಂದ ಬಾಗಿಲಿಗೆ ಓಡಿ ಬಂದರೆ ಅಣ್ಣ ಅದಕ್ಕೆ ಬೆನ್ನು ಹಾಕಿ, ಒಂದು ಕಾರ್ಬ್ಯುರೇಟರ್ ಉಜ್ಜುತ್ತ, ತನ್ನ ಪಾಡಿಗೆ ಇದ್ದಾನೆ. ಹೆಗಲೂ ಅಲುಗಲಿಲ್ಲ. ಬಾಗಿಲಲ್ಲೇ ಇದ್ದ ಸ್ವಿಚ್ ಆರಿಸಿದೆ. ಸದ್ದು ನಿಂತದ್ದೂ ಅವನಿಗೆ ತಿಳಿಯಲಿಲ್ಲ.

"ಅಣ್ಣ" ಎಂದೆ. "ಅಣ್ಣ, ಶೆಡ್ಡಿಗೆ ಬೆಂಕಿ ಬಿದ್ದಿದೆ" ಎಂದೆ. ಅವನು ಕಾರ್ಬ್ಯುರೇಟರಿನ ಪುಟ್ಟ ಜೆಟ್ಟನ್ನು ಬಾಯಿಂದ ಊದಿ, ಬೆಳಕಿಗೆ ಹಿಡಿದು, ಮತ್ತೆ ಊದಿದ.

ಗತ್ತು ಎಂದಿದ್ದೆನಲ್ಲ. ಥೂ ನನ್ನ ಬಾಯಿಗೆ.

ಮಾರ್ಚ್ ೧೬, ಮಧ್ಯಾಹ್ನ

ಅತ್ತಿಗೆಗೆ ಎಲ್ಲ ಗೊತ್ತು. ಬಟ್ಟೆ ಮಡಚುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ, "ಈಗ ಗೊತ್ತಾಯ್ತಾ?" ಎಂದರು. ಕಾಲು ಬಡಿದುಕೊಂಡು ಹೋಗುತ್ತಿದ್ದದ್ದು ಅದಕ್ಕೇ. ಹಲಗೆ ಅದುರಿದರೆ ತಿರುಗುತ್ತಾನೆ.

"ಲೇತಣ್ಣನ ತಲೆಗೆ ಕಟ್ಟಿದಾನಲ್ಲ ಅತ್ತಿಗೆ. ಅದು ಅವನ ತಪ್ಪಲ್ಲ."

"ಹೇಳ್ಬೇಡ ಕಣೆ. ಅವರಿಗೆ ಇರೋದು ಅದೊಂದೇ. ಕಿವಿ ಹೋಯ್ತು ಅಂತ ಊರಿಗೆ ತಿಳಿದ್ರೆ ಆ ಮನುಷ್ಯ ಹಾಸಿಗೆ ಹಿಡೀತಾರೆ." ಮಡಚಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಚಿದರು.

ಟಕ್ ಟಕ್ ಕೇಳಿಸಿತ್ತು ಎಂದು ಅತ್ತಿಗೆಗೂ ಹೇಳಲಿಲ್ಲ. ಹೇಳಿದರೆ ಅಣ್ಣ ಉಳಿಯುವುದಿಲ್ಲ, ಹೇಳದಿದ್ದರೆ ಲೇತಣ್ಣ ಉಳಿಯುವುದಿಲ್ಲ. ನಾನೊಬ್ಬಳು ಮಾತ್ರ ಎರಡು ಕಡೆಯೂ ಕ್ಷೇಮ.

ಏಪ್ರಿಲ್ ೨

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು. ಕಾರಿಗೆ ಟಾರ್ಪಾಲು ಹೊದಿಸಿದ್ದೇವೆ. ಯಾರೂ ಆ ಕಡೆ ನೋಡುವುದಿಲ್ಲ.

ಅಂಗಡಿಯಲ್ಲಿ ಒಬ್ಬ ಕೇಳಿದ: "ಆ ಲೇತಿನವನ ಹತ್ರ ಕ್ರ್ಯಾಂಕ್ ಕೊಡ್ಬೇಡಿ ಅಂತ ನಿಮ್ಮಣ್ಣನೇ ಅಂದ್ರಂತೆ, ಹೌದಾ?" ಸಾಮಾನು ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಹಿಂದಿನ ಬೀದಿಗೆ ಹೊರಳಿದೆ. ಲೇತು ನಿಂತಿದೆ. ಮೇಲೊಂದು ಬಟ್ಟೆ. ಲೇತಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಾಡಲು ಏನೂ ಇಲ್ಲದವನ ಹಾಗೆ ಉಗುರು ನೋಡುತ್ತ ಕೂತಿದ್ದ. ಇವನು ಸುಮ್ಮನೆ ಕೂತದ್ದನ್ನು ನಾನು ಕಂಡೇ ಇರಲಿಲ್ಲ.

"ನನಗೇ ಅನುಮಾನ ಬಂದಿದೆ ಪುಟ್ಟಿ" ಎಂದ. "ಅವನ ಕಿವಿ ತಪ್ಪಲ್ಲ. ಹಾಗಾದ್ರೆ ನನ್ನ ಕೈಯೇ ತಪ್ಪಿರ್ಬೇಕು. ಇಲ್ಲಾಂದ್ರೆ ಕಣ್ಣು. ಲೇತು ಮಾರಿಬಿಡೋಣ ಅಂತ."

ಅವನ ಎದುರು ಅತ್ತುಬಿಟ್ಟೆ. ಅವನೇ ಎದ್ದು ನೀರು ತಂದುಕೊಟ್ಟ. ನಾಳೆ ಅಣ್ಣನಿಗೆ ಹೇಳಿಯೇ ತೀರುತ್ತೇನೆ. ಅತ್ತಿಗೆ ಏನಾದರೂ ಅಂದುಕೊಳ್ಳಲಿ.

ಏಪ್ರಿಲ್ ೩

ಹೇಳಲಾಗಲಿಲ್ಲ. ಹೋದೆ, ಎದುರು ನಿಂತೆ. "ಏನೇ?" ಎಂದ. ಥಿನ್ನರ್ ಮುಗಿದಿದೆ ಎಂದೆ.

ಏಪ್ರಿಲ್ ೪

ಹೇಳಿದೆ.

ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಅಣ್ಣ, ನಿನಗೆ ಕಿವಿ ಕೇಳಿಸ್ತಾ ಇಲ್ಲ."

ಕೂಗಾಡುತ್ತಾನೆಂದು ಕಾದಿದ್ದೆ. ಅವನು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ನನ್ನ ಕಿವಿ ವಿಷಯ ನನಗೇ ಹೇಳ್ತೀಯಾ? ಯಾವತ್ತೋ ಹೋಯ್ತು ಅದು. ಮೊದ್ಲು ಸಣ್ಣ ಸದ್ದು ಹೋಯ್ತು, ಆಮೇಲೆ ಒಂದೊಂದೇ. ಎಂಜಿನ್ ಓಡ್ತಾ ಇದ್ರೆ ಏನೂ ಇಲ್ಲ. ಕೈಗೆ ನಡುಕ ಗೊತ್ತಾಗತ್ತೆ, ಅಷ್ಟೇ. ಯಾವುದರ ನಡುಕ ಅಂತ ಗೊತ್ತಾಗಲ್ಲ. ಮಾತಾದ್ರೆ ತುಟಿ ನೋಡಿ ತಿಳ್ಕೋತೀನಿ."

"ಮತ್ತೆ ಇಷ್ಟು ಗಾಡಿ ಹೇಗೆ ಮಾಡ್ದೆ?"

"ನಿನ್ನ ಮುಖ ನೋಡ್ಕೊಂಡು."

ನನಗೆ ಅರ್ಥವಾಗಲಿಲ್ಲ.

"ಎದುರಿಗೆ ನಿಲ್ಲಿಸ್ಕೋತಿದ್ನಲ್ಲ. ಏನಾದ್ರೂ ಸರಿ ಇಲ್ಲ ಅಂದ್ರೆ ನೀನು ಬಾಯಿ ಬಿಡಲ್ಲ, ಹುಬ್ಬು ಗಂಟು ಹಾಕ್ತೀಯಾ. ಚಿಕ್ಕೋಳಿದ್ದಾಗಿಂದ ಹಾಗೇ. ಹುಬ್ಬು ಗಂಟಾದ್ರೆ ನಿಲ್ಲಿಸಿ ಬಿಚ್ಚಿ ನೋಡ್ತಿದ್ದೆ. ಒಂದು ಸಲಾನೂ ತಪ್ಪಿರ್ಲಿಲ್ಲ." ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ. "ಡಾಕ್ಟರಮ್ಮನ ಗಾಡಿಗೆ ನೀನು ನಕ್ಕೆ. ಅಷ್ಟು ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಸದ್ದು ಚೆನ್ನಾಗಿದೆ ಅಂತ ಧೈರ್ಯವಾಗಿ ಏರಿಗೆ ಹಾಕ್ದೆ. ಆಮೇಲೆ ಹೋಯ್ತಲ್ಲ, ತಪ್ಪು ಆ ಲೇತಿನವನದೇ ಅಂದ್ಕೊಂಡೆ. ಇನ್ನೇನು ಅಂದ್ಕೊಳ್ಲಿ?"

ಬಟ್ಟೆಯನ್ನು ತೊಡೆಯ ಮೇಲಿಟ್ಟ. ಆಮೇಲೆ ಕೇಳಿದ, "ಆವತ್ತು ನಿನಗೆ ಕೇಳಿಸಿತ್ತಾ?"

ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನಿಗೆ ಉತ್ತರ ಸಿಕ್ಕಿತ್ತು.

"ಎಂಜಿನ್ ನಿಂದು ಅಂತ..." ಎಂದೆ. "ನಿನಗೆ ಖುಷಿಯಾಗ್ಲಿ ಅಂತ ನಕ್ಕೆ ಅಣ್ಣ. ಇನ್ಮೇಲೆ ಎಲ್ಲಾ ಹೇಳ್ತೀನಿ. ಸಣ್ಣ ಸದ್ದಾದ್ರೂ ಹೇಳ್ತೀನಿ."

"ಹೇಗೆ ನಂಬ್ಲಿ ಪುಟ್ಟಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೈ ಒರೆಸಿಕೊಂಡು ಎದ್ದ. ಲೇತಣ್ಣನ ಹತ್ತಿರ ಹೋಗಿ ಬರುತ್ತೇನೆ ಎಂದ. ತಲೆ ಬಗ್ಗಿಸಿಕೊಂಡು ಅಂಗಳ ದಾಟಿದ. ಗೇಟು ತೆಗೆಯುವಾಗ, ನಾನೂ ಬರ್ತೀನಿ, ನಾನೇ ಹೇಳ್ತೀನಿ, ನಿಲ್ಲು ಎಂದು ಹಿಂದಿನಿಂದ ಕೂಗಿದೆ. ಕೂಗಿ ಏನು — ಅವನ ಬೆನ್ನು ನನ್ನ ಕಡೆಗಿತ್ತು.