ಕರಗಿದ್ದು ಎಪ್ಪತ್ನಾಲ್ಕಕ್ಕೆ

೧೭-೮-೧೯೬೧, ಗುರುವಾರ

ತಲೆ ಕೆಟ್ಟುಹೋಗಿದೆ. ನ್ಯಾಫ್ತಲೀನ್ ಎಷ್ಟು ಡಿಗ್ರಿಗೆ ಕರಗುತ್ತದೆಂದು ಇವತ್ತು ಮಕ್ಕಳಿಂದ ಪ್ರಯೋಗ ಮಾಡಿಸಿದೆ. ಮೂವತ್ತು ಮಂದಿ ಎಂಬತ್ತು ಎಂದು ಬರೆದರು. ಮಾರಿಕುಪ್ಪಂನಿಂದ ಬರುವ ರುಕ್ಮಿಣಿ ಒಬ್ಬಳು ಮಾತ್ರ ಎಪ್ಪತ್ನಾಲ್ಕು ಎಂದಳು. ಮತ್ತೆ ನೋಡು ಎಂದೆ. ನೋಡಿದಳು, ಅದೇ ಎಪ್ಪತ್ನಾಲ್ಕು.

“ಎಲ್ಲರಿಗೂ ಕಂಡಿದ್ದು ನಿನಗೊಬ್ಬಳಿಗೇ ಕಾಣಲಿಲ್ವೇನಮ್ಮ?”

“ನಂಗೆ ಕಂಡಿದ್ದು ಅಷ್ಟೇ ಸಾ. ಇಲ್ದಿದ್ದನ್ನ ಎಂಗ್ ಬರೀಲಿ?”

ಎದುರುತ್ತರ ಕೊಡುತ್ತಾಳೆಂದು ಬಾಗಿಲಾಚೆ ನಿಲ್ಲಿಸಿದೆ. ಅತ್ತಳೇನೋ, ನಾನು ನೋಡಲಿಲ್ಲ.

ಶಾಲೆ ಬಿಟ್ಟ ಮೇಲೆ ಮನಸ್ಸು ತಡೆಯದೆ ನಾನೇ ಕೂತು ಮಾಡಿದೆ. ಸಣ್ಣ ಗಾಜಿನ ನಳಿಗೆಯಲ್ಲಿ ಪುಡಿ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ಎಣ್ಣೆಯಲ್ಲಿ ಇಳಿಸಿ ಮೆಲ್ಲಗೆ ಕಾಯಿಸಿದೆ. ಮೂರು ಸಲವೂ ಎಪ್ಪತ್ನಾಲ್ಕಕ್ಕೇ ಕರಗಿ ನೀರಾಯಿತು. ಆಂಡರ್ಸನ್‌ಪೇಟೆಯಲ್ಲಿ ನ್ಯಾಫ್ತಲೀನ್ ಎಂದು ನಾನೇ ಕೊಂಡು ತಂದ ನುಸಿಗುಳಿಗೆ ಅದು, ಬೇರೇನೋ ಬೆರೆತಿದೆ. ಬೆರಕೆಯಾದರೆ ಕಡಿಮೆ ಡಿಗ್ರಿಗೇ ಕರಗುತ್ತದೆಂದು ಪಾಠ ಮಾಡಿದವನೂ ನಾನೇ.

ನಾಳೆ ಎಲ್ಲರೆದುರು ಅವಳ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತೇನೆ. ಆದರೆ ಆ ಮೂವತ್ತು ಮಂದಿಗೆ ಏನು ಹೇಳಲಿ? ಕಾಣದ್ದನ್ನು ಕಂಡೆವೆಂದು ಬರೆದವರನ್ನು ಬೈಯಲು ಬಾಯಿ ಬರುತ್ತಿಲ್ಲ. ಸ್ಪಿರಿಟ್ ದೀಪ ಹಚ್ಚಿಸುವ ಮೊದಲೇ ಬೋರ್ಡಿನ ಮೇಲೆ ದೊಡ್ಡದಾಗಿ ಎಂಬತ್ತು ಎಂದು ಬರೆದಿಟ್ಟವನು ನಾನೇ.