ಹಿಂಬಾಗಿಲ ನೆಗ್ಗು

ಮಾರ್ಚ್ 3, ಸೋಮವಾರ. ಮಧ್ಯಾಹ್ನ

ಈ ವಾರ ರಿವ್ಯೂಗೆ ಬಂದ ಆಟಿಕೆ ಅಗ್ನಿಶಾಮಕ ಜೀಪು. ಬೆರಳುದ್ದ. ಕೆಂಪು ಚೆನ್ನಾಗಿ ಕೂತಿದೆ, ತುಟಿಗೆ ಹಚ್ಚಿದ ಹಾಗೆ. ಚಕ್ರ ನಾಲ್ಕೂ ನೆಲ ಮುಟ್ಟುತ್ತವೆ. ಈ ಕಂಪನಿಯ ಮಟ್ಟಿಗೆ ಇದೇ ಒಂದು ಸುದ್ದಿ. ಕಟಿಂಗ್ ಮೇಜಿನ ತುದಿಯಿಂದ ಬಿಟ್ಟೆ. ಕತ್ತರಿ ದಾಟಿ, ಚಾಕ್ ಡಬ್ಬಿ ದಾಟಿ, ನೇರ ಹೋಯಿತು. ಮನುಷ್ಯರೇ ಅಷ್ಟು ನೇರ ಹೋಗುವುದಿಲ್ಲ. ಸೀಟು ಮಾತ್ರ... ಸೀಟಲ್ಲ ಅದು, ಕಲ್ಲುಬೆಂಚು. ಹೊಲಿಗೆಯ ಗೆರೆ ಒಂದಾದರೂ ಬೇಡವೇ? ಕಾರಿನ ಸೀಟಿಗೆ ಕವರ್ ಹೊಲಿದೇ ಕೂದಲು ಬೆಳ್ಳಗಾದವಳ ಕಣ್ಣಿಗೆ ಮಣ್ಣೆರಚಲು ನೋಡುತ್ತಾರೆ. ಹತ್ತಕ್ಕೆ ಆರೂವರೆ.

ಫೋನಿನ ಮುಂದೆ ರಿವ್ಯೂ ಹೇಳುತ್ತಿದ್ದಾಗ ನಮ್ಮವರು ಬಿಲ್ ಪುಸ್ತಕ ಹಿಡಿದು ತಲೆ ಹಾಕಿದರು.

"ದೊಡ್ಡ ಕಾರಿನೋರು ಬಂದಿದಾರೆ. ಚಿಕ್ಕ ಕಾರಿನೋರು ಸ್ವಲ್ಪ ಕಾಯ್ತಾರಾ?"

ಅದೂ ವಿಡಿಯೋದಲ್ಲಿ ಸೇರಿತು. ತೆಗೆಯಲಿಲ್ಲ. ನನ್ನ ಅಂಕಗಳಿಗಿಂತ ಅವರ ಗೊಣಗಾಟಕ್ಕೇ ಗಿರಾಕಿ ಜಾಸ್ತಿ.

ಈಗ ಮೂರು ಗಂಟೆಯ ಬಿಸಿಲು ಮೇಜಿಗೆ ಬಂದಿದೆ. ಕಪ್ಪು ರೆಕ್ಸಿನ್ ಹಾಸಿದರೆ ಆಗಷ್ಟೇ ತೊಳೆದ ರಸ್ತೆ. ಅದರ ಮೇಲೆ ಜೀಪು ನಿಂತಿದೆ. ಎಲ್ಲೂ ಬೆಂಕಿಯಿಲ್ಲ. ಆದರೂ ನಿಂತಿದೆ. ನೋಡುತ್ತ ಕೂತರೆ ಹೊತ್ತು ಎತ್ತ ಹೋಯಿತು ತಿಳಿಯುವುದಿಲ್ಲ.

ಮಾರ್ಚ್ 9, ಭಾನುವಾರ

ಕಂಪನಿಯವರು ಹೊಸ ಗಾಡಿಗಳ ಚಿತ್ರ ಹಾಕಿದ್ದಾರೆ. ಒಂದನ್ನು ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ. ನೀಲಿ ಸ್ಟೇಷನ್ ವ್ಯಾಗನ್. ಉದ್ದ ಬೆನ್ನು. ಪಕ್ಕಕ್ಕೆ ತೆರೆಯುವ ಹಿಂಬಾಗಿಲು.

ನಮ್ಮದು. ನಮ್ಮದರ ಹಾಗಿರುವುದಲ್ಲ, ನಮ್ಮದೇ. ಎರಡು ವರ್ಷದ ಹಿಂದೆ, ಹಳೆಯ ಕಾರು ಸಾಕುವ ಯಜಮಾನರೊಬ್ಬರಿಗೆ ಮಾರಿದ್ದೆ. ಅವರ ಶೆಡ್ಡಿಗೆ ಕಂಪನಿಯವರು ಬಂದು, ಮೈಮೇಲೆಲ್ಲ ಬೆಳಕು ಹಾಯಿಸಿ, ಇಂಚಿಂಚೂ ಸ್ಕ್ಯಾನ್ ಮಾಡಿಕೊಂಡು ಹೋದರಂತೆ. ಈಗ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ.

ನಮ್ಮದು ಅಂದೆ. 'ನಾವು' ಅಂದರೆ ನಾನು ಮತ್ತು ನನ್ನ ವಾರಗಿತ್ತಿ, ನಮ್ಮವರ ತಮ್ಮನ ಹೆಂಡತಿ. ಈ ಅಂಗಡಿ ಶುರುಮಾಡಿದ್ದು ನಾವಿಬ್ಬರೇ. ಬಂಡವಾಳ: ಒಂದು ಮಷಿನ್, ಒಂದು ವ್ಯಾಗನ್, ಎರಡು ನಾಲಿಗೆ. ಮೂರನೆಯದು ಜಾಸ್ತಿ ಓಡಿತು. ರೆಡಿಮೇಡ್ ಕವರ್ ತಂದು ನೇತುಹಾಕೋಣ ಅಂತ ಅವಳು. ಸೀಟಿನ ಅಳತೆ ತೆಗೆದೇ ಹೊಲಿಯಬೇಕು ಅಂತ ನಾನು. ಗಿರಾಕಿಗಳ ಎದುರೇ ನಾನೊಂದು ಅಂದೆ, ಅವಳೆರಡು ಅಂದಳು. "ಎಲ್ಲದಕ್ಕೂ ಅಳತೆ ತೆಗೀತೀಯಲ್ಲಕ್ಕಾ, ನಿನ್ನ ಬಾಯಿಗೂ ಒಂದು ಕವರ್ ಹೊಲ್ಕೋ." ಅದೇ ಕೊನೆಯ ಮಾತು. ವ್ಯಾಗನ್ ನನಗೇ ಬಿಟ್ಟು, ಮಷಿನ್ ಎತ್ತಿಕೊಂಡು ಹೋಗಿ ರಸ್ತೆಯ ಆಚೆ ಅಂಗಡಿ ತೆರೆದಳು. ಸರಿಯಾಗಿ ಎದುರಿಗೆ.

ಹನ್ನೊಂದು ವರ್ಷ. ಮನೆಯವರೆಲ್ಲ ಸೇರಿದಾಗ ಅವಳೊಂದು ತುದಿ, ನಾನೊಂದು ತುದಿ. ಅಣ್ಣತಮ್ಮಂದಿರು ಮಾತ್ರ ದಿನಾ ರಸ್ತೆ ನಡುವಿನ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಾರೆ, ಎರಡು ದೇಶದ ರಾಯಭಾರಿಗಳ ಹಾಗೆ.

ಮಾರ್ಚ್ 13. ಬೆಳಗಿನ ಜಾವ

ಕನಸು. ಮರೆಯುವ ಮೊದಲು ಬರೆದಿಡಬೇಕು.

ನಾನು ಮತ್ತು ಅವಳು ವ್ಯಾಗನ್ನಿನಲ್ಲಿ. ಇಬ್ಬರೂ ಇಂಚಿನಷ್ಟು ಎತ್ತರ. ಕಟಿಂಗ್ ಮೇಜಿನ ಮೇಲೆ ಹೋಗುತ್ತಿದ್ದೇವೆ. ಫೋಮಿನ ಗುಡ್ಡಗಳು, ಹಳದಿ. ದಾರದ ಉಂಡೆಗಳು ದೂರದಲ್ಲಿ ಊರುಗಳ ಹಾಗೆ ಮಿನುಗುತ್ತಿವೆ. ಟೇಪಿನ ರಸ್ತೆ ಮುಗಿಯುವುದೇ ಇಲ್ಲ. ಅಂಕಿಗಳು ಒಂದೊಂದಾಗಿ ಗಾಲಿಯ ಕೆಳಗೆ ಸರಿದು ಹೋಗುತ್ತವೆ. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿದ್ದಾಳೆ. ನಾನು ಏನೋ ಕೇಳಿದೆ. ಅವಳು ಏನೋ ಹೇಳಿದಳು. ಮಾತು ಕೇಳಿಸಲಿಲ್ಲ, ಆದರೆ ಮಾತಾಡಿದಳು ಎಂಬುದು ಗೊತ್ತಾಯಿತು.

ಎದ್ದ ಮೇಲೂ ತುಂಬ ಹೊತ್ತು ಹಾಸಿಗೆ ಮೆಲ್ಲಗೆ ಚಲಿಸುತ್ತಿರುವಂತಿತ್ತು.

ಮಾರ್ಚ್ 20, ಗುರುವಾರ

ವ್ಯಾಗನ್ ಬಂತು.

ಪೆಟ್ಟಿಗೆ ಬಿಚ್ಚಲು ಕೈ ಬರಲಿಲ್ಲ. ಮೊದಲು ಒಂದು ಟೀ. ಆಮೇಲೆ ಗಿರಾಕಿ. ಆಮೇಲೆ ಇನ್ನೊಂದು ಟೀ.

ಬಣ್ಣ ಸರಿ. ದೀಪಗಳು ಸರಿ. ಸೀಟಿನ ಮೇಲೆ ಗೆರೆ ಇದೆ, ನಾನೇ ಹಾಕಿದ್ದ ಅಡ್ಡಪಟ್ಟಿ, ಕೂದಲೆಳೆಯಷ್ಟು! ಮೇಜಿನ ದೀಪದಡಿ ಹಿಡಿದು ನಿಧಾನ ತಿರುಗಿಸಿದೆ. ಬೆಳಕು ಬಾನೆಟ್ಟಿನ ಮೇಲೆ ಜಾರಿತು, ಮಾಡಿನ ಮೇಲೆ ಜಾರಿತು. ಹಿಂಬಾಗಿಲಿಗೆ ಬಂದಾಗ, ಹಿಡಿಕೆಯ ಕೆಳಗೆ, ಜಾರುವ ಬದಲು ಒಂದು ಗಳಿಗೆ ನಿಂತಿತು.

ನೆಗ್ಗು.

ಎಳ್ಳುಕಾಳಿನಷ್ಟು. ಭೂತಗನ್ನಡಿಯಲ್ಲಿ ನೋಡಿದೆ. ಅದೇ ಜಾಗ, ಅದೇ ವಾರೆ. ಅಪಘಾತದ್ದಲ್ಲ. ಗೋಡೆಗೆ ತಾಗಿದ್ದೂ ಅಲ್ಲ. ಅದು ನನ್ನ ವಾರಗಿತ್ತಿಯ ಸೊಂಟ. ದಿನಾ ಬೆಳಗ್ಗೆ ರೆಕ್ಸಿನ್ ಸುರುಳಿಗಳನ್ನು ಇಳಿಸಿ ಎರಡೂ ತೋಳಲ್ಲಿ ತಬ್ಬಿಕೊಂಡು, ಬಾಗಿಲನ್ನು ಸೊಂಟದಿಂದ ಹೊಡೆದು ಮುಚ್ಚುತ್ತಿದ್ದಳು. ಢಬ್! ಆಮೇಲೆ "ನಡಿಯಕ್ಕಾ." ನಮ್ಮ ಅಂಗಡಿಗೆ ಬೇರೆ ಗಂಟೆ ಇರಲಿಲ್ಲ. ವರ್ಷಗಟ್ಟಲೆ ಢಬ್, ಢಬ್... ತಗಡು ತಾನಾಗಿ ಒಳಕ್ಕೆ ಹೋಗಿ, ಅವಳಿಗೊಂದು ಜಾಗ ಮಾಡಿಕೊಟ್ಟಿತ್ತು.

ಕಂಪನಿಯವರಿಗೆ ಗೊತ್ತಿಲ್ಲ. ಅವರ ಬೆಳಕು ಮುಟ್ಟಿತು, ಅಳೆಯಿತು, ಅಚ್ಚು ಹಾಕಿತು.

ಎಷ್ಟೋ ಸಾವಿರ ಪೆಟ್ಟಿಗೆಗಳು. ಎಷ್ಟೋ ಕಪಾಟುಗಳು. ಎಲ್ಲದರಲ್ಲೂ ಒಂದು ಢಬ್.

ಮಾರ್ಚ್ 22, ಶನಿವಾರ

ಚಿಮಟ ತನ್ನ ರಿವ್ಯೂ ಹಾಕಿದ್ದಾನೆ. ಕಸುಬಿನಲ್ಲಿ ಹಲ್ಲಿನ ಡಾಕ್ಟರು. ಕಾರುಗಳನ್ನು ಚಿಮಟದಲ್ಲೇ ಎತ್ತುತ್ತಾನೆ, ಅದಕ್ಕೇ ಆ ಹೆಸರು. ನಮ್ಮ ಚಿಕ್ಕ ಕಾರಿನ ಲೋಕದಲ್ಲಿ ಅವನ ಮಾತಿಗೆ ತೂಕ.

"ಹಿಂಬಾಗಿಲಲ್ಲಿ ನೋಡಿ, ಇದು ಮೋಲ್ಡ್ ದೋಷ, ಅಚ್ಚಿನ ತಪ್ಪು. ಹಲ್ಲಾಗಿದ್ರೆ ನಾನೇ ತುಂಬಿಸಿಬಿಡ್ತಿದ್ದೆ. ಕಂಪನಿಯವರು ಎರಡನೇ ಕಂತಿಗಾದ್ರೂ ತುಂಬಿಸ್ಲಿ."

ಕೆಳಗೆ ಜನ ಹೌದ್ಹೌದು ಅಂದಿದ್ದಾರೆ. ನನ್ನ ಪುಟಕ್ಕೂ ಬಂದು ಕೇಳುತ್ತಿದ್ದಾರೆ: ಆಂಟಿ, ವ್ಯಾಗನ್ ರಿವ್ಯೂ ಎಲ್ಲಿ? ಎಷ್ಟು ಅಂಕ ಕಟ್ ಮಾಡ್ತೀರಾ?

ನಿಯಮ ನಾನೇ ಮಾಡಿದ್ದು. ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಆಟಿಕೆಯೂ ಹಾಗಿರಬೇಕು. ಆ ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿ ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು.

ಮಾರ್ಚ್ 24, ಸೋಮವಾರ. ಸಂಜೆ

ಕಂಪನಿಯಿಂದ ಫೋನ್. ಡಿಸೈನ್ ಮಾಡುವ ಹುಡುಗಿ. ಹಳೇ ಕಾರಿನ ಯಜಮಾನರು ನಂಬರ್ ಕೊಟ್ಟರಂತೆ.

"ಮೇಡಂ, ಆ ಡೆಂಟ್ ಸ್ಕ್ಯಾನಲ್ಲಿ ಬಂತೋ, ನಮ್ಮ ಕೈಯಲ್ಲಿ ಆಯ್ತೋ ಅಂತ ಇಲ್ಲಿ ಜಗಳಾನೇ ನಡೀತಿದೆ."

"ಕಾರಲ್ಲೇ ಇತ್ತಮ್ಮ."

"ಅಬ್ಬಾ, ನನ್ನ ಕೆಲಸ ಉಳೀತು! ಹಾಗಾದ್ರೆ ಏನ್ ಮಾಡೋಣ? ಎರಡನೇ ಕಂತಿನ ಮೋಲ್ಡ್ ಮುಂದಿನ ಸೋಮವಾರ ಸಂಜೆ ಫೈನಲ್ ಆಗುತ್ತೆ. ತುಂಬಿಸೋದಾ, ಬಿಡೋದಾ? ಕಾರಿನ ಮೊದಲಿನ ಓನರ್ ಹೇಳ್ದಂಗೆ ಮಾಡಿ ಅಂದಿದಾರೆ ನಮ್ಮ ಬಾಸ್."

'ಬಿಡಿ' ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಾರಿಗೆ ಓನರ್ ನಾನಾಗಿದ್ದಿರಬಹುದು. ಸೊಂಟಕ್ಕಲ್ಲ.

"ಕೇಳಿ ಹೇಳ್ತೀನಿ. ಸೋಮವಾರ ಫೋನ್ ಮಾಡು."

ನಮ್ಮವರು ಬಿಲ್ ಬರೆಯುವವರ ಹಾಗೆ ನಟಿಸುತ್ತ ಎಲ್ಲ ಕೇಳಿಸಿಕೊಂಡರು.

"ತಮ್ಮನ ಕೈಲಿ ಕೇಳಿಸ್ಲಾ?"

"ವಾರಗಿತ್ತಿ ಸೊಂಟದ ವಿಷಯ ಅಣ್ಣತಮ್ಮಂದಿರ ಟೀ ಜೊತೆ ಹೋಗ್ಬೇಕಾ?"

"ಹಾಗಾದ್ರೆ ನೀನೇ ದಾಟು. ರಸ್ತೆ ತಾನೆ, ಸಮುದ್ರ ಅಲ್ವಲ್ಲ."

ಮಾರ್ಚ್ 26, ಬುಧವಾರ

ದಾಟಲು ಹೋದೆ. ವ್ಯಾಗನ್ ಮುಷ್ಟಿಯಲ್ಲಿ. ರಸ್ತೆ ನಡುವಿನ ಕಟ್ಟೆಯವರೆಗೆ ತಲುಪಿದೆ. ಅಲ್ಲಿಂದ ಅವಳ ಅಂಗಡಿ ಇಷ್ಟು ಹತ್ತಿರ ಅಂತ ಗೊತ್ತೇ ಇರಲಿಲ್ಲ.

ಬಾಗಿಲಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದರ ಹಿಂದಿನ ಸೀಟಿನ ಮೇಲೆ ಅವಳು ಮಂಡಿಯೂರಿದ್ದಳು. ಟೇಪು ಕುತ್ತಿಗೆಗೆ, ಚಾಕು ಬಾಯಲ್ಲಿ... ಅಲ್ಲ, ಚಾಕ್ ಬಾಯಲ್ಲಿ. ಅಳತೆ ತೆಗೆಯುತ್ತಿದ್ದಳು! ರೆಡಿಮೇಡಿನ ರಾಣಿ. ಸೀಟಿನ ಮೂಲೆ ಮೂಲೆಗೂ ಬೆರಳು ಒತ್ತಿ, ಫೋಮ್ ಎಷ್ಟು ಕೂತಿದೆ ಅಂತ ನೋಡಿ, ಒಂದು ಗೆರೆ. ಅವಳು ಹೀಗೆ ಕೆಲಸ ಮಾಡುವುದನ್ನು ನೋಡಿ ಎಷ್ಟು ಕಾಲವಾಯಿತು. ಬಿಸಿಲು ಆ ಕಾರಿನ ಗಾಜುಗಳಲ್ಲಿ ಒಡೆದು ಅವಳ ಬೆನ್ನ ಮೇಲೆ ಅಲುಗಾಡುತ್ತಿತ್ತು. ನೀರಿನೊಳಗೆ ಯಾರೋ ಹೊಲಿಯುತ್ತಿರುವ ಹಾಗೆ.

ಕೇಳಿದ ಮೇಲೆ 'ತುಂಬಿಸ್ಲಿ ಬಿಡು' ಅಂದುಬಿಟ್ಟರೆ? ಆಟಿಕೆಯ ನೆಗ್ಗು ಹೋದೀತು, ಅದು ದೊಡ್ಡ ಮಾತಲ್ಲ. ಅವಳು ಎಂದಾದರೂ ಬಂದಾಳು ಎಂಬ ಒಂದು ಸಣ್ಣ ಆಸೆ ಇದೆಯಲ್ಲ, ಅದೂ ಅದರ ಜೊತೆಗೇ ಹೋಗುತ್ತದೆ. ಕೇಳದಿದ್ದರೆ ಅಷ್ಟಾದರೂ ಉಳಿಯುತ್ತದೆ.

ಬಸ್ಸು ಬಂತು. ಬಸ್ಸು ಹೋಯಿತು. ಹೋದ ಮೇಲೆ ನೋಡಿದರೆ ನಾನು ಈ ಕಡೆಯೇ ಇದ್ದೆ.

ಮಾರ್ಚ್ 30, ಭಾನುವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಮಾಡಲಿಲ್ಲ.

ಇವತ್ತು ಅಂಗಡಿಗೆ ರಜೆ. ಷಟರ್ ಅರ್ಧ ಎಳೆದು ರಿವ್ಯೂ ಮಾಡಿದೆ. ಚಕ್ರ, ಬಣ್ಣ, ದೀಪ, ಸೀಟು, ಎಲ್ಲ ಹೇಳಿದೆ. ಹಿಂಬಾಗಿಲಿಗೆ ಬಂದಾಗ ಮೂರು ಸಲ ಮಾತು ತಪ್ಪಿತು. ನನಗೆ! ಸತ್ತ ಬ್ಯಾಟರಿಯನ್ನೂ ಮಾತಾಡಿಸಿ ಎಬ್ಬಿಸುತ್ತಾಳೆ ಅಂತ ಹೆಸರು ಪಡೆದವಳಿಗೆ.

ಹೇಳಿದ್ದು ಇಷ್ಟು: "ಇದು ಮೋಲ್ಡ್ ದೋಷ ಅಲ್ಲ. ಚಿಮಟ ಸಾಹೇಬ್ರು ಕ್ಷಮಿಸಬೇಕು. ಈ ಕಾರು ನಮ್ಮದಾಗಿತ್ತು. ಇದು ನನ್ನ ವಾರಗಿತ್ತಿ ಸೊಂಟ. ಎರಡೂ ಕೈ ತುಂಬಾ ಕೆಲಸ ಇತ್ತು ಅವಳಿಗೆ, ಅದಕ್ಕೇ ಸೊಂಟದಲ್ಲೇ ಬಾಗಿಲು ಹಾಕ್ತಿದ್ಲು. ಕಂಪನಿಯವರು ಇದನ್ನ ನಾಳೆ ಸಂಜೆ ತುಂಬಿಸ್ಲಾ ಬಿಡ್ಲಾ ಅಂತ ಕೇಳ್ತಿದಾರೆ. ಅದನ್ನ ಹೇಳಬೇಕಾದೋಳು ಅವಳು. ರಸ್ತೆ ಆಚೆ ಇದಾಳೆ. ದಾಟೋಕೆ ಹೋಗಿದ್ದೆ, ಕಾಲು ಬರಲಿಲ್ಲ. ಇಲ್ಲಿಂದಾನೇ ಕೇಳ್ತಿದೀನಿ."

ಅಂಕ ಹಾಕಲಿಲ್ಲ. ಮೊದಲ ಸಲ, ಆ ಜಾಗ ಖಾಲಿ ಬಿಟ್ಟೆ.

ನಮ್ಮವರು ಹಿಂದೆ ನಿಂತಿದ್ದರು. ಬಿಲ್ ಪುಸ್ತಕ ಮುಚ್ಚಿಟ್ಟಿದ್ದರು. ಅರ್ಧ ಷಟರ್ ಕೆಳಗಿಂದ ಬಿಸಿಲು ನೆಲದ ಮೇಲೆ ಬಟ್ಟೆಯ ಹಾಗೆ ಬಿದ್ದಿತ್ತು. ಅದರಲ್ಲಿ ಧೂಳು ತೇಲುತ್ತಿತ್ತು, ಯಾವ ಅವಸರವೂ ಇಲ್ಲದೆ.

ಮಾರ್ಚ್ 31, ಸೋಮವಾರ. ಬೆಳಗ್ಗೆ

ಕಾಮೆಂಟುಗಳು ರಾಶಿ. ಚಿಮಟ ಬರೆದಿದ್ದಾನೆ: "ತುಂಬಿಸುವ ಮಾತು ವಾಪಸ್." ಎದುರಂಗಡಿಯಿಂದ ಏನೂ ಇಲ್ಲ. ಅವಳ ಷಟರ್ ಎಂದಿನಂತೆ ತೆರೆಯಿತು. ಎಂದಿನಂತೆ ಕಸ ಗುಡಿಸಿದಳು. ಇತ್ತ ನೋಡಲಿಲ್ಲ.

ಮೈದುನ ಟೀಗೆ ಬರಲಿಲ್ಲ. ರಾಯಭಾರಿಯನ್ನೂ ವಾಪಸ್ ಕರೆಸಿಕೊಂಡಳೋ ಏನೋ.

ಅದೇ ದಿನ. ಸಂಜೆ

ಅವಸರದಲ್ಲಿ ಅಕ್ಷರಗಳು ಸೊಟ್ಟಗೆ ಬೀಳುತ್ತಿವೆ. ಇರಲಿ.

ಸಂಜೆಯಾಗುತ್ತಿತ್ತು, ಮೇಜಿನ ಮೇಲೆ ಬಗ್ಗಿ ಕವರಿನ ಅಂಚಿಗೆ ಪೈಪಿಂಗ್ ಕತ್ತರಿಸುತ್ತಿದ್ದೆ. ಬಾಗಿಲಲ್ಲಿ ಬೆಳಕು ಕಮ್ಮಿಯಾಯಿತು. ಗಿರಾಕಿ ಅಂದುಕೊಂಡು ತಲೆ ಎತ್ತಲಿಲ್ಲ.

"ಅಕ್ಕಾ, ನನ್ನ ಸೊಂಟಕ್ಕೆ ಎಷ್ಟು ಅಂಕ ಕೊಟ್ಟೆ?"

ಕತ್ತರಿ ಅಲ್ಲೇ ನಿಂತಿತು. ದಪ್ಪಗಾಗಿದ್ದಾಳೆ. ಕನ್ನಡಕ ಬಂದಿದೆ.

"ಇನ್ನೂ ಹಾಕಿಲ್ಲ," ಅಂದೆ. ಹನ್ನೊಂದು ವರ್ಷ ಕೂಡಿಟ್ಟ ಮಾತುಗಳಲ್ಲಿ ಬಾಯಿಗೆ ಸಿಕ್ಕಿದ್ದು ಅದೊಂದೇ.

"ಊರಿಗೆಲ್ಲ ನನ್ನ ಸೊಂಟ ತೋರಿಸಿದ್ಯಲ್ಲ, ಕೊಡು ಇಲ್ಲಿ, ನಾನೂ ನೋಡ್ತೀನಿ."

ವ್ಯಾಗನ್ ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಹಣೆಗೆ ಏರಿಸಿದಳು. ಕಣ್ಣಿನ ಹತ್ತಿರ ಹಿಡಿದಳು. ಬೆರಳಿನಿಂದ ಹಿಂಬಾಗಿಲು ಸವರಿದಳು. ಮತ್ತೆ ಸವರಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಡಿಸೈನ್ ಹುಡುಗಿ.

"ಮೇಡಂ, ಏನ್ ಹೇಳ್ಲಿ ಬಾಸ್‌ಗೆ? ತುಂಬಿಸೋದಾ?"

ಫೋನನ್ನು ಅವಳ ಕಡೆ ಚಾಚಿದೆ. ಕಸಿದುಕೊಂಡಳು.

"ಹಲೋ, ನಾನಮ್ಮ, ಸೊಂಟದೋಳು. ಏನಿದು ಹೀಗ್ ಮಾಡಿದೀರಾ? ಇಷ್ಟೇನಾ? ಇದು ಯಾತಕ್ಕೂ ಸಾಲದು! ನಮ್ಮದು ಇದಕ್ಕಿಂತ ಎಷ್ಟೋ ದೊಡ್ಡದಿತ್ತು. ಆಳ ಇಲ್ಲವೇ ಇಲ್ಲ. ಅಳತೆ ಸರಿಯಾಗಿ ತಗೊಂಡು ಮಾಡಿ. ಬೇಕಾದ್ರೆ ನಾನೇ ಬಂದು ನಿಂತ್ಕೋತೀನಿ."

ಆಚೆಯಿಂದ ಹುಡುಗಿ ನಗುವುದು ನನಗೂ ಕೇಳಿಸಿತು. ನಮ್ಮವರು ಬಿಲ್ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಏನೋ, ಹೆಗಲು ಮಾತ್ರ ಕಾಣುತ್ತಿತ್ತು.

ಅವಳು ಬಾಗಿಲ ಕಡೆ ನಡೆದಾಗ, ಹೊರಟಳು ಅಂದುಕೊಂಡು ಪೆನ್ನು ತೆಗೆದದ್ದು. ಹೋಗಿಲ್ಲ. ಬಾಗಿಲಲ್ಲಿ ನಿಂತು, ಅಂಗಡಿ ನೋಡ್ಕೊಳ್ಳಿ, ಬರೋದು ತಡ ಆಗುತ್ತೆ ಅಂತ ರಸ್ತೆಯ ಆಚೆಗೆ ಕೂಗುತ್ತಿದ್ದಾಳೆ. ದೀಪಗಳು ಹತ್ತುವ ಹೊತ್ತು. ಕಾರುಗಳೆಲ್ಲ ಅವಳ ಹಿಂದೆ ಸದ್ದಿಲ್ಲದೆ ತೇಲಿಹೋಗುತ್ತಿವೆ, ಒಂದಕ್ಕಿಂತ ಒಂದು ಚಿಕ್ಕದಾಗಿ. ಈಗ ಇತ್ತ ತಿರುಗಿದಳು. ಸ್ಟೂಲ್ ಎಳೆದುಕೊಂಡಳು. ಏನು ಬರೀತಿದ್ದೀಯ, ತೋರಿಸು ಅಂತ ಕೈ ಚಾ—