ತ್ರಿಂಕೋಮಲಿಯಲ್ಲಿ ಹರಿದ ಉಂಗುಟ

ಹಡಗಿನಿಂದ,
೨೨ ಜುಲೈ ೨೦೨೫

ಚಿರಂಜೀವಿ ಪ್ರಭುರಾಜನಿಗೆ, ನಿನ್ನ ಅಕ್ಕನ ಗಂಡನ ಆಶೀರ್ವಾದಗಳು.

ಸಮಸ್ತ ಕುಷ್ಟಗಿ ತಾಲೂಕಿನ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಬೆಳಗ್ಗೆ ಶ್ರೀಲಂಕಾದ ತ್ರಿಂಕೋಮಲಿ ಬಂದರಿನಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ಹರಿಯಿತು. ನಮ್ಮ ವಂಶದಲ್ಲಿ ಪರದೇಶದ ನೆಲದ ಮೇಲೆ ಹರಿದ ಮೊದಲ ಉಂಗುಟ ಇದು. ನಮ್ಮ ಪೈಪಿನ ಅಂಗಡಿಯ ಗೋಡೆಗೆ ಒಂದು ಫಲಕ ಹಾಕಿಸುವ ವಿಚಾರವಿದೆ.

ಫೋನ್ ಮಾಡುತ್ತೇನೆಂದು ಹೇಳಿ ಮಾಡಲಿಲ್ಲ, ಸಿಟ್ಟಾಗಬೇಡ. ಫೋನ್ ಹಿಡಿದರೆ ನಿನ್ನ ಅಕ್ಕ ಪಕ್ಕದಲ್ಲೇ ಬಂದು ಕೂತು ಕೇಳಿಸಿಕೊಳ್ಳುತ್ತಾಳೆ. ಅವಳು ಕೇಳಬಾರದ ಮಾತಿಗಾಗಿ ಈ ಕಾಗದ. ಚೆನ್ನೈಯಲ್ಲಿ ಅಂಚೆಗೆ ಹಾಕುತ್ತೇನೆ. ಪೈಪಿನ ಕಂಪನಿಯವರು ನಮ್ಮನ್ನು ಕಂಚಿ, ತಿರುಪತಿ ಸುತ್ತಿಸಿ ಬಿಡುವಷ್ಟರಲ್ಲಿ ನಿನ್ನ ಕೈ ಸೇರೀತು.

ದಾಳಿಂಬೆ ತೋಟದವರಿಗೆಲ್ಲ ಡ್ರಿಪ್ ಪೈಪು ಮಾರಿದ್ದಕ್ಕೆ ಕಂಪನಿ ಮೆಚ್ಚಿ ಕೊಟ್ಟ ಹಡಗಿನ ಪ್ರವಾಸ ಇದು. ಬೇಡವೆಂದು ನೀನು ಎಷ್ಟು ಹೇಳಿದೆ. "ಮಾಮಾ, ಅಕ್ಕಗ ಮನ್ಯಾಗ ಬಚ್ಚಲ ಎಲ್ಲೈತಿ ಅನ್ನೂದ ನೆನಪಿರಂಗಿಲ್ಲ, ಸಮುದ್ರಕ್ಕ ಒಯ್ದು ಏನ್ ಮಾಡ್ತೀರಿ?" ಈ ಮರೆವಿಗೆ ಔಷಧವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಕೈಚೆಲ್ಲಿದ ಮೇಲೆ ಒಂದೇ ಆಸೆ ಉಳಿದಿತ್ತು. ಮದುವೆಯಾದಾಗಿನಿಂದ ಸಮುದ್ರ ತೋರಿಸಿ ಎಂದು ಕೇಳಿದವಳು, ನಾನು ಯಾರೆಂದು ತಿಳಿದಿರುವಾಗಲೇ ಅದನ್ನು ನೋಡಿಬಿಡಲಿ ಎಂದು.

ನೋಡಿದಳು. "ಈ ಸಲ ಕೆರಿ ಭಾಳ ತುಂಬೈತಲ್ರಿ" ಅಂದಳು.

ಹಳದಿ ಟೋಪಿಯ ಡೀಲರುಗಳ ದಂಡು ಬಾವುಟ ಹಿಡಿದ ಗೈಡಿನ ಹಿಂದೆ ಹೋಯಿತು. ಊರು ಸುತ್ತಲು ನನಗೆ ಸಿಕ್ಕ ಗೈಡು ನಿನ್ನ ಅಕ್ಕ ಪಾರ್ವತೆಮ್ಮನೇ. ಒಣಮೀನಿನ ಓಣಿಯಲ್ಲಿ ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದರೆ ಅವಳು ಸಂತೆಗೆ ಬಂದವಳಂತೆ ಸೆರಗು ಸಿಕ್ಕಿಸಿ ಮುಂದೆ ಮುಂದೆ. "ಈ ತಿರುವು ದಾಟಿದ್ರ ಬಸ್‌ಸ್ಟ್ಯಾಂಡ್ ಬರತೈತಿ, ಲಗೂನ ಬರ್ರಿ. ತಳಕಲ್ ಬಸ್ ತಪ್ಪತೈತಿ."

"ಇದು ಲಂಕಾ ಐತಿ ಮಾರಾಯ್ತಿ."

"ಇರವಲ್ದ್ಯಾಕ. ಲಂಕಾದವರು ತವರಮನಿಗೆ ಹೋಗಂಗಿಲ್ಲೇನು?"

ಆ ಊರಿನಲ್ಲಿ ಜಿಂಕೆಗಳು ನಮ್ಮ ಬೀದಿಯ ದನಗಳಂತೆ ತಿರುಗುತ್ತವೆ. ಒಂದರ ಮುಂದೆ ನಿಂತು ಲೊಚಗುಟ್ಟಿದಳು. "ಓಣ್ಯಾಗಿನ ಅಯ್ಯಪ್ಪನ ಆಡು ನೋಡ್ರಿ, ಮೈತುಂಬ ಚುಕ್ಕಿ ಎದ್ದಾವ. ಡಾಕ್ಟರಗ ತೋರಸಾಕ ಹೇಳ್ರಿ." ಹೇಳುತ್ತೇನೆಂದು ಮಾತು ಕೊಟ್ಟೆ.

ಉಂಗುಟ ಹರಿದದ್ದು ಆಗ. ಚಪ್ಪಲಿ ಹೊಲಿಯುವವನ ಮುಂದೆ ಕಾಲು ಚಾಚಿದೆ, ತಲೆ ಎತ್ತಿದೆ. ಅವಳಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ತಲೆಯ ಮೇಲೆ ಹಳದಿ ಟೋಪಿ, ಬಾಯಲ್ಲಿ "ಪಾರ್ವತೀ". ಹಾಗೆ ಓಡಿದ ನನ್ನನ್ನು ಲಂಕೆಯ ಜನ ಇನ್ನೂ ನೆನೆಸಿಕೊಂಡು ನಗುತ್ತಿರಬೇಕು.

ಸಿಕ್ಕಳು, ಹಡಗುಕಟ್ಟೆಯ ಪೊಲೀಸ್ ಚೌಕಿಯ ಬೆಂಚಿನ ಮೇಲೆ. ನಮ್ಮ ದಂಡಿನವನೇ ಆದ ಗಂಗಾವತಿಯ ಡೀಲರ್ ಜಾಕೀರ ಅವಳನ್ನು ಕಂಡು ಅಲ್ಲಿ ಕೂರಿಸಿ, ಮೈಕಿನಲ್ಲಿ ಕೂಗಿಸಲು ಹೆಸರು ಕೇಳುತ್ತಿದ್ದ. ನನ್ನ ಹೆಸರು ಅವಳಿಗೆ ನೆನಪಿದೆಯೇ ಎಂದು ಕೇಳಲು ನಾನು ಕಂಬದ ಹಿಂದೆ ನಿಂತೆ.

"ಅಮ್ಮಾರ, ಯಜಮಾನ್ರ ಹೆಸ್ರು ಹೇಳ್ರಿ, ಕೂಗಸೋಣ."

"ಗಂಡನ ಹೆಸರ ಹಂಗ ಹೇಳ್ತಾರೇನಪಾ? ನಿಮ್ಮ ಕಡಿ ಒಡಪ ಇಲ್ಲೇನು?"

"ಒಡಪನರ ಹಾಕ್ರಿ ತಾಯಿ, ಹಡಗ ಹೊಂಟೈತಿ."

ಪ್ರಭುರಾಜ, ಅವಳು ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದಳು:

"ಬಿಳಿಜೋಳದ ರೊಟ್ಟಿಗೆ ಹಚ್ಚೀನಿ ಎಳ್ಳು,
ಅಂದಪ್ಪನವರ ಸಿಟ್ಟು ಬರೇ ಸುಳ್ಳು."

ಮದುವೆಯ ದಿನ ನಮ್ಮ ಹೊಸ್ತಿಲಲ್ಲಿ ನನ್ನ ತಂಗಿ ಬಾಗಿಲು ತಡೆದು ಹೆಸರು ಕೇಳಿದಾಗ ಹೇಳಿದ ಅದೇ ಒಡಪು. ಅಂದಿನಿಂದ ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದೆಲ್ಲ ಒಡಪಿನೊಳಗೆ ಮಾತ್ರ. "ಒಮ್ಮೆ ಬಿಚ್ಚಿ ಅಂದಪ್ಪ ಅನ್ನು" ಎಂದು ನಾನು ಕಾಡಿದ್ದಕ್ಕೆ ಲೆಕ್ಕವಿಲ್ಲ. "ಆಯುಷ್ಯ ಕಡಿಮಿ ಆಗತೈತಿ, ಸುಮ್ಮನಿರ್ರಿ" ಎನ್ನುತ್ತಿದ್ದಳು. ಬಚ್ಚಲು ಮರೆತರೂ ನಾಚಿಕೆ ಮರೆತಿಲ್ಲವಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಂಬದ ಹಿಂದಿನಿಂದ ಹೊರಗೆ ಬಂದು ಜಾಕೀರನನ್ನು ಅಪ್ಪಿಕೊಂಡುಬಿಟ್ಟೆ. ಅವಳು ನನ್ನ ಕಾಲು ನೋಡಿ, "ಇನ್ನೊಂದು ಚಪ್ಪಲಿ ಯಾರಿಗೆ ದಾನ ಕೊಟ್ರಿ?" ಅಂದಳು.

ಅಂಗಡಿಯನ್ನು ನೋಡಿಕೊಂಡಿರು. ಮಕ್ಕಳಿಗೆ ಲಂಕೆಯ ಚಹಾಪುಡಿ ತರುತ್ತಿದ್ದೇನೆ. ದೇವರು ನಿಮಗೆಲ್ಲ ಆರೋಗ್ಯ ಕೊಡಲಿ, ನೆನಪನ್ನು ಗಟ್ಟಿಯಾಗಿ ಇಡಲಿ.

ನಿನ್ನ ಮಾಮಾ,
ಅಂದಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇಂದು ಸಂಜೆ ಹಡಗಿನ ಮೇಲಟ್ಟದಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅವಳು ನನ್ನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ಬಸ್ಸಿನಲ್ಲಿ ಪಕ್ಕದವರನ್ನು ಕೇಳುವಂತೆ ಕೇಳಿದಳು: "ಅಣ್ಣಾರ, ಅಂದಪ್ಪ ಅಂತ ನಮ್ಮ ಮನಿಯವ್ರು. ಕುಷ್ಟಗ್ಯಾಗ ಪೈಪಿನ ಅಂಗಡಿ ಐತಿ. ಎಲ್ಲ್ಯರ ನೋಡೀರೇನ್ರಿ?"

ಒಡಪಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಹೆಸರು ಬಿಚ್ಚಿ ಹೇಳಿದಳು, ನಾನು ಕಾಡಿ ಬೇಡಿದಂತೆಯೇ.

"ಇಲ್ಲೇ ಹೋಗ್ಯಾರ, ಬರ್ತಾರ" ಎಂದೆ. "ಅವ್ರು ಬರೂತನಕ ನೀವು ಇಲ್ಲೇ ಕೂತಿರ್ರಿ" ಎಂದಳು. ಕೂತಿದ್ದೇನೆ.

ಒಂದು ಕೆಲಸ ಮಾಡು. ಬಡಿಗೇರ ಗೋಣೆಪ್ಪನಿಗೆ ಹೇಳಿ ನಮ್ಮ ತಲಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕಿಸು, ನಿನ್ನ ಅಕ್ಕನ ಕೈಗೆ ಎಟುಕದಷ್ಟು ಎತ್ತರಕ್ಕೆ. ನಾವು ಬರುವುದರೊಳಗೆ ಆಗಲಿ. ಅವಳ ಎದುರು ಮೊಳೆ ಹೊಡೆಯುವುದು ಬೇಡ.